ಅಸಲು ನಕಲು ಬಲ್ಲ ಬಾದಶಹ

ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ಅನ್ನ ಸಂಪಾದಿಸುವವನಿಗೆ ಮೊದಲು ಅಭ್ಯಾಸವಾಗುವ ವಿದ್ಯೆ ಲೆಕ್ಕವಲ್ಲ, ಸಂಶಯ. ಚೆಕ್ಕಿನ ಮೇಲಿನ ಸಹಿಯನ್ನು ಮಾದರಿ ಸಹಿಯೊಡನೆ ಹೋಲಿಸಬೇಕು; ನೋಟನ್ನು ಬೆಳಕಿಗೆ ಹಿಡಿದು ನೀರುಗುರುತನ್ನು ನೋಡಬೇಕು; ಅಕ್ಷರ ಸರಿಯಾಗಿದ್ದರೂ ಕೈಯ ಓಟ ಸರಿಯಿಲ್ಲವೆಂದು ಕಂಡರೆ ಲೇಖನಿಯನ್ನು ಕೆಳಗಿಡಬೇಕು. ಹತ್ತು ವರ್ಷ ಇದೇ ಕೆಲಸ ಮಾಡಿದವನು ಹೊರಗಿನ ಪ್ರಪಂಚದಲ್ಲಿ ಮೋಸಹೋಗುವುದಿಲ್ಲವೆಂದು ನೀವು ತಿಳಿದಿದ್ದರೆ, ಅದು ನನ್ನ ಮಟ್ಟಿಗೆ ನಿಜವಲ್ಲ.

ಎರಡು ವರ್ಷಗಳ ಕೆಳಗೆ ಒಂದು ಹಳೆಯ ಸಾಮಾನಿನ ಅಂಗಡಿಯಲ್ಲಿ ನೀಲಿ ಬಿಳುಪಿನ ಪಿಂಗಾಣಿ ತಟ್ಟೆಯೊಂದನ್ನು ಕಂಡು ಮರುಳಾದೆ. ತಳದಲ್ಲಿ ಆರು ಚೀನೀ ಅಕ್ಷರಗಳು. ಮುನ್ನೂರು ವರ್ಷ ಹಳೆಯದು, ಸೂರತಿನ ಒಂದು ದೊಡ್ಡ ಮನೆಯಿಂದ ಬಂದದ್ದು ಎಂದು ಅಂಗಡಿಯವನು ಹೇಳಿದನು. ಅರ್ಧ ತಿಂಗಳ ಸಂಬಳ ಅಲ್ಲಿಗೆ ಸಂದಿತು. ದೀಪಾವಳಿಗೆ ಮನೆಗೆ ಬಂದ ನಮ್ಮ ಸಂಘದ ಹಿರಿಯರೊಬ್ಬರು ಕನ್ನಡಕವನ್ನು ಹಣೆಗೇರಿಸಿ, ತಟ್ಟೆಯ ಚಿತ್ರವನ್ನು ನೋಡದೆ ಬೋರಲು ಹಾಕಿ ತಳವನ್ನು ನೋಡಿದರು. ಆಮೇಲೆ ಭೂತಗನ್ನಡಿ ಕೇಳಿದರು. ಗನ್ನಡಿಯಲ್ಲಿ ನೋಡಿದರೆ ಆ ನೀಲಿಯೆಲ್ಲ ಸಣ್ಣ ಸಣ್ಣ ಚುಕ್ಕೆಗಳು, ವೃತ್ತಪತ್ರಿಕೆಯಲ್ಲಿ ಅಚ್ಚಾದ ಭಾವಚಿತ್ರದ ಹಾಗೆ! ಕುಂಚ ಮುಟ್ಟಿದ ತಟ್ಟೆಯಲ್ಲ, ಯಂತ್ರ ಒತ್ತಿದ ತಟ್ಟೆ. ಹಿರಿಯರು ಏನೂ ಹೇಳಲಿಲ್ಲ, ಚಕ್ಕುಲಿ ತಿಂದರು. ಆ ಅವಮಾನದಿಂದ ಹುಟ್ಟಿದ ಓದು ನನ್ನನ್ನು ಎಲ್ಲೆಲ್ಲಿಗೋ ಕರೆದುಕೊಂಡು ಹೋಗಿ, ಕೊನೆಗೆ ನಾವು ಈಗ ವಾಸಿಸುವ ಈ ಗುಜರಾತಿನ ನೆಲದ ಮೇಲೆಯೇ ನಡೆದಾಡಿದ ಒಬ್ಬ ಪರೀಕ್ಷಕನ ಮುಂದೆ ನಿಲ್ಲಿಸಿತು. ಅವನೇ ಮೊಗಲ ಬಾದಶಹ ಜಹಾಂಗೀರ.

ಪಿಂಗಾಣಿಯೆಂದರೆ ನಮ್ಮಲ್ಲಿ ಉಪ್ಪಿನಕಾಯಿಯ ಜಾಡಿ ನೆನಪಾಗುವುದು ಸಹಜ. ಆದರೆ ಚೀನಾದ ಹಳೆಯ ಪಿಂಗಾಣಿ ಕನ್ನಡ ನಾಡಿಗೆ ಅಪರಿಚಿತವಾದ ವಸ್ತುವಲ್ಲ. ಹಂಪೆಯ ಅರಮನೆ ಪ್ರದೇಶದ ಉತ್ಖನನಗಳಲ್ಲಿ ನೀಲಿ ಬಿಳುಪಿನ ಚೀನೀ ಚೂರುಗಳು ಸಿಕ್ಕಿವೆ. ಇತ್ತ ವಡೋದರೆಯ ಬಳಿಯ ಚಾಂಪಾನೇರಿನ ಹಾಳುಗಳಲ್ಲಿಯೂ ಅಂಥ ಚೂರುಗಳೇ ಸಿಕ್ಕಿವೆ. ಒಂದು ಕಾಲಕ್ಕೆ ಖಂಭಾತ್, ಆ ಕೊಲ್ಲಿ ಹೂಳು ತುಂಬುತ್ತ ಬಂದ ಮೇಲೆ ಸೂರತ್, ಪೂರ್ವ ಸಮುದ್ರದ ಸರಕಿಗೆ ಹೆಬ್ಬಾಗಿಲುಗಳಾಗಿದ್ದವು. ಮಲಾಕ್ಕಾದಿಂದ ಬಂದ ಹಡಗುಗಳಲ್ಲಿ ರೇಷ್ಮೆಯ ಜೊತೆಗೆ ಪಿಂಗಾಣಿಯೂ ಬರುತ್ತಿದ್ದಿತು. 1572–73ರಲ್ಲಿ ಅಕ್ಬರನು ಗುಜರಾತನ್ನು ಗೆದ್ದುಕೊಂಡುದರಿಂದ ಈ ಬಾಗಿಲುಗಳ ಬೀಗದ ಕೈ ಮೊಗಲರ ಪಾಲಾಯಿತು. ಆಗ ಜಹಾಂಗೀರನು ಮೂರು ವರ್ಷದ ಕೂಸು.

ಆತನು ಹುಟ್ಟಿದುದು 1569ರ ಆಗಸ್ಟ್ ಕೊನೆಯಲ್ಲಿ, ಆಗ್ರಾದ ಸಮೀಪದ ಸೀಕ್ರಿಯಲ್ಲಿ. ಅಕ್ಬರನಿಗೆ ಹುಟ್ಟಿದ ಮಕ್ಕಳು ಉಳಿಯದೆ, ಶೇಖ್ ಸಲೀಂ ಚಿಷ್ತಿಯೆಂಬ ಸಂತನ ಹರಕೆಯಿಂದ ಹುಟ್ಟಿದ ಮಗನೆಂದು ಸಲೀಮನೆಂದೇ ಹೆಸರಿಟ್ಟರು. ತಂದೆಗೆ ಓದು ಬರೆಹ ಬಾರದು; ಆದರೆ ನೂರಾರು ಚಿತ್ರಕಾರರನ್ನು ಸಾಕಿ ದೊಡ್ಡ ದೊಡ್ಡ ಚಿತ್ರಗ್ರಂಥಗಳನ್ನು ಮಾಡಿಸಿದ ಪುಣ್ಯಾತ್ಮ. ಆ ಕಾರ್ಖಾನೆಯಲ್ಲಿ ಆಡುತ್ತ ಬೆಳೆದ ಹುಡುಗನಿಗೆ ಬಣ್ಣದ ವಾಸನೆ ತಾಯಿಯ ಹಾಲಿನ ಹಾಗೆ ಮೈಗೆ ಹತ್ತಿತು. ಸುಖವೂ ಹತ್ತಿತು. ಹದಿನೆಂಟರ ಸುಮಾರಿಗೆ ಕುಡಿಯಲು ಆರಂಭಿಸಿ, ದಿನಕ್ಕೆ ಇಪ್ಪತ್ತು ಬಟ್ಟಲು ಭಟ್ಟಿಯ ಮದ್ಯದವರೆಗೆ ಏರಿ, ಕೊನೆಗೆ ಕೈ ನಡುಗಿ ಬಟ್ಟಲನ್ನು ತಾನೇ ಹಿಡಿಯಲಾರದೆ ಬೇರೆಯವರು ಕುಡಿಸಬೇಕಾಯಿತೆಂದು ತನ್ನ ಆತ್ಮಕಥೆಯಲ್ಲಿ ತಾನೇ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾನೆ. ಅವನ ತಮ್ಮಂದಿರಿಬ್ಬರೂ ಕುಡಿತಕ್ಕೇ ಬಲಿಯಾದರು. ಈತನು ಅಳತೆ ಕಡಿಮೆ ಮಾಡಿ ಬದುಕಿಕೊಂಡನು. ಬಿಡಲಿಲ್ಲ, ಅಫೀಮನ್ನು ಸೇರಿಸಿಕೊಂಡನು.

1605ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ಸಲೀಮನು ಜಹಾಂಗೀರನೆಂಬ ಹೆಸರಿನಿಂದ ಪಟ್ಟವೇರಿದನು. ಮಾರನೆಯ ವರ್ಷವೇ ಹಿರಿಯ ಮಗ ಖುಸ್ರೌ ದಂಗೆಯೆದ್ದನು; ದಂಗೆ ಅಡಗಿತು, ಮಗನನ್ನು ಕುರುಡಾಗಿಸಲಾಯಿತು. ಸಿಖ್ಖರ ಗುರು ಅರ್ಜುನದೇವರು ಪ್ರಾಣ ಕಳೆದುಕೊಂಡುದೂ ಅದೇ 1606ರಲ್ಲಿ, ಅದೇ ಕೋಪದ ಬೆಂಕಿಯಲ್ಲಿ. ಈ ಬಾದಶಹನ ಕಲಾಭಿರುಚಿಯನ್ನು ಹೊಗಳುವವರು ಈ ಪುಟವನ್ನು ಮಡಿಚಿಡುವುದುಂಟು. ಮಡಿಚಿಡುವುದು ನನಗೆ ಸರಿತೋರುವುದಿಲ್ಲ, ಏಕೆಂದರೆ ಮುಂದೆ ಬರುವ ತಟ್ಟೆಯ ಕಥೆಯೂ ಆ ಪುಟದ್ದೇ.

ಅಪೂರ್ವ ವಸ್ತುಗಳೆಂದರೆ ಜಹಾಂಗೀರನಿಗೆ ಮಕ್ಕಳ ಹಾಗೆ ಆಸೆ. ಆ ಆಸೆಯನ್ನು ಪೂರೈಸುತ್ತಿದ್ದವನು ಮುಕರ್ರಬ್ ಖಾನನೆಂಬ ಅಧಿಕಾರಿ. ಮೂಲತಃ ವೈದ್ಯ, ಬಾದಶಹನ ಬಾಲ್ಯದ ಪರಿಚಿತ, ಸೂರತ್ ಮತ್ತು ಖಂಭಾತ್ ಬಂದರುಗಳ ಉಸ್ತುವಾರಿ ಅವನ ಕೈಯಲ್ಲಿದ್ದಿತು, ಮುಂದೆ ಗುಜರಾತಿನ ಸುಬೇದಾರನೂ ಆದನು. ಹಡಗಿನಿಂದಿಳಿದ ಸರಕಿನಲ್ಲಿ ಸೊಗಸಾದದ್ದೇನಿದ್ದರೂ ಮೊದಲು ಅವನ ಕಣ್ಣಿಗೆ ಬೀಳಬೇಕು. ಬೆಲೆ ಎಷ್ಟಾದರೂ ಕೊಟ್ಟು ವಿಚಿತ್ರ ವಸ್ತುಗಳನ್ನು ತರುವಂತೆ ಬಾದಶಹನು ಅವನನ್ನು ಗೋವೆಗೂ ಕಳುಹಿಸಿದನು. 1612ರಲ್ಲಿ ಅಲ್ಲಿಂದ ಬಂದ ಟರ್ಕಿ ಕೋಳಿಯನ್ನು ಆಸ್ಥಾನದ ಚಿತ್ರಕಾರ ಮನ್ಸೂರನು ಬರೆದ ಚಿತ್ರ ಇಂದಿಗೂ ಉಳಿದಿದೆ.

ಇದೇ ಮುಕರ್ರಬ್ ಖಾನನು 1608ರ ಸುಮಾರಿಗೆ ಖಂಭಾತಿನಿಂದ ಒಂದು ಚಿತ್ರವನ್ನು ಕಳುಹಿಸಿದನು. ಅದು ಮೊಗಲರ ಮೂಲಪುರುಷ ತೈಮೂರನ ಮುಖವಂತೆ. ತೈಮೂರನು ತುರ್ಕರ ಸುಲ್ತಾನ ಬಾಯಜೀದನನ್ನು ಸೋಲಿಸಿದಾಗ ಇಸ್ತಾಂಬುಲಿನ ಕ್ರೈಸ್ತ ದೊರೆ ರಾಯಭಾರಿಯ ಜೊತೆಗೆ ಒಬ್ಬ ಚಿತ್ರಕಾರನನ್ನೂ ಕಳುಹಿಸಿದ್ದನೆಂದೂ, ಆತನು ಕಣ್ಣಾರೆ ಕಂಡು ಬರೆದದ್ದೇ ಇದೆಂದೂ ಫಿರಂಗಿಗಳ ಹೇಳಿಕೆ. ವಂಶಾಭಿಮಾನಿಯಾದ ಬಾದಶಹನಿಗೆ ಇದಕ್ಕಿಂತ ಹೆಚ್ಚಿನ ಕಾಣಿಕೆ ಬೇಕೇ? ನಂಬಬೇಕೆಂಬ ಆಸೆ ಅವನಿಗೆ ಎಷ್ಟಿದ್ದಿತೋ ಊಹಿಸಿಕೊಳ್ಳಿರಿ. ಆದರೂ ಆತನು ನಂಬಲಿಲ್ಲ. ಇದು ನಿಜವಾಗಿದ್ದರೆ ತನಗೆ ಇದಕ್ಕಿಂತ ಪ್ರಿಯವಾದ ವಸ್ತುವಿಲ್ಲವೆಂದೂ, ಆದರೆ ಈ ಮುಖಕ್ಕೂ ತೈಮೂರನ ಸಂತತಿಯವರ ಮುಖಗಳಿಗೂ ಹೋಲಿಕೆಯಿಲ್ಲವಾದುದರಿಂದ ಮನಸ್ಸಿಗೆ ಒಪ್ಪಿಗೆಯಾಗಲಿಲ್ಲವೆಂದೂ ಬರೆದಿಟ್ಟಿದ್ದಾನೆ. ನಾನು ಈ ಭಾಗವನ್ನು ಓದಿದಾಗ ನಮ್ಮ ಕೌಂಟರೇ ಕಣ್ಣಿಗೆ ಕಟ್ಟಿತು. ಆತನು ಮಾಡಿದುದು ಮಾದರಿ ಸಹಿಯೊಡನೆ ಹೋಲಿಸುವ ಕೆಲಸವನ್ನೇ. ಅವನ ಮಾದರಿ ಸಹಿ ತನ್ನ ಮನೆತನದ ಮೂಗು ಹುಬ್ಬುಗಳು. ಎಂಟು ತಲೆಮಾರಿನ ಮೇಲೆ ಈ ಪರೀಕ್ಷೆ ಎಷ್ಟು ಗಟ್ಟಿಯೆಂದು ತಕರಾರು ತೆಗೆಯಬಹುದು. ಆದರೆ ಅಂಗಡಿಯವನು ಹೇಳಿದ ಕಥೆಗೆ ಬೆಲೆ ಕೊಡದೆ ವಸ್ತುವನ್ನೇ ನೋಡಿ ತೀರ್ಮಾನಿಸುವ ಬುದ್ಧಿ ಅವನಿಗಿದ್ದಿತು. ಅರ್ಧ ತಿಂಗಳ ಸಂಬಳ ತೆತ್ತವನಿಗೆ ಇರಲಿಲ್ಲ.

ಇನ್ನು ಪಿಂಗಾಣಿಯ ವಿಷಯ. 1608ರ ಆಗಸ್ಟಿನಲ್ಲಿ ವಿಲಿಯಂ ಹಾಕಿನ್ಸನೆಂಬ ಆಂಗ್ಲ ನಾವಿಕನು ಹೆಕ್ಟರ್ ಎಂಬ ಹಡಗಿನಲ್ಲಿ ಸೂರತ್ತಿಗೆ ಬಂದಿಳಿದನು. ಮುಕರ್ರಬ್ ಖಾನನೊಡನೆ ಜಗಳಾಡಿ, 1609ರ ಏಪ್ರಿಲಿನಲ್ಲಿ ಆಗ್ರಾ ತಲುಪಿದನು. ತುರ್ಕಿ ಭಾಷೆ ಬರುತ್ತಿದ್ದುದರಿಂದ ಬಾದಶಹನೊಡನೆ ದುಭಾಷಿಯಿಲ್ಲದೆ ಮಾತನಾಡಿದನು, ಮೆಚ್ಚುಗೆ ಗಳಿಸಿದನು, ನಾಲ್ಕುನೂರರ ಮನ್ಸಬನ್ನೂ ಒಬ್ಬ ಅರ್ಮೇನಿಯನ್ ಹೆಂಡತಿಯನ್ನೂ ಪಡೆದನು. ಆತನು ಬರೆದಿಟ್ಟ ಸಂಗತಿಗಳಲ್ಲಿ ಒಂದು ಹೀಗಿದೆ.

ಬಾದಶಹನ ಉಗ್ರಾಣದ ಮೇಲ್ವಿಚಾರಣೆ ಒಬ್ಬ ಅಧಿಕಾರಿಯದಾಗಿದ್ದಿತು. ಅಲ್ಲಿದ್ದ ಚೀನೀ ತಟ್ಟೆಯೊಂದು ಬಾದಶಹನಿಗೆ ಪ್ರಾಣ. ಒಮ್ಮೆ ಬಿಡಾರ ಸಾಗುವಾಗ ತಟ್ಟೆಯನ್ನು ಹೊತ್ತಿದ್ದ ಒಂಟೆ ಮುಗ್ಗರಿಸಿ ಬಿದ್ದು ತಟ್ಟೆ ಚೂರಾಯಿತು. ಅಧಿಕಾರಿಗೆ ದಿಗಿಲು ಹುಟ್ಟಿತು. ಬಾದಶಹನಿಗೆ ನೆನಪಾಗುವುದರೊಳಗೆ ಅದೇ ತರಹದ ಇನ್ನೊಂದನ್ನು ತಂದಿಟ್ಟುಬಿಟ್ಟರೆ ತಾನು ಉಳಿದೆನೆಂದು, ನಂಬಿಗಸ್ತ ಆಳೊಬ್ಬನನ್ನು ನೆಲದ ದಾರಿಯಿಂದ ಚೀನಾ ದೇಶಕ್ಕೆ ಅಟ್ಟಿದನು. ಎರಡು ವರ್ಷ ಕಳೆಯಿತು. ಆಳು ಮರಳಿ ಬರಲಿಲ್ಲ. ಬಾದಶಹನಿಗೆ ಮಾತ್ರ ತಟ್ಟೆಯ ನೆನಪು ಬಂದಿತು. ಒಡೆದು ಹೋದ ಸುದ್ದಿ ತಿಳಿಯುತ್ತಲೇ ಅಧಿಕಾರಿಯನ್ನು ಎದುರಿಗೆ ತರಿಸಿ, ಹುರಿಹಗ್ಗದ ಚಾವಟಿಗಳಿಂದ ಇಬ್ಬರು ಆಳುಗಳ ಕೈಲಿ ನೂರಿಪ್ಪತ್ತು ಏಟು ಹೊಡೆಸಿದನು. ಸಾಲದೆಂದು ಬಾಗಿಲು ಕಾಯುವವರು ಇಪ್ಪತ್ತು ಮಂದಿ ದೊಣ್ಣೆ ಮುರಿಯುವ ತನಕ ಬಡಿದರು. ಸತ್ತನೆಂದು ತಿಳಿದು ಕಾಲು ಹಿಡಿದು ಎಳೆದು ಸೆರೆಮನೆಗೆ ಹಾಕಿದರು. ಮಾರನೆಯ ದಿನ ಇನ್ನೂ ಜೀವವಿದೆಯೆಂದು ತಿಳಿದು ಬಾದಶಹನು ಆಜೀವ ಸೆರೆಯ ಶಿಕ್ಷೆ ವಿಧಿಸಿದನು. ರಾಜಕುಮಾರನೊಬ್ಬನ ಮಧ್ಯಸ್ತಿಕೆಯಿಂದ ಅಧಿಕಾರಿಯು ಮನೆಗೆ ಹೋಗಿ ಎರಡು ತಿಂಗಳಲ್ಲಿ ಚೇತರಿಸಿಕೊಂಡನು. ಆಮೇಲೆ ಅಪ್ಪಣೆಯಾಯಿತು: ಅಂಥದೇ ತಟ್ಟೆಯನ್ನು ಹುಡುಕಿ ತರುವವರೆಗೆ ಮುಖ ತೋರಿಸಕೂಡದು. ದಾರಿಯ ಖರ್ಚಿಗೆ ಐದು ಸಾವಿರ ರೂಪಾಯಿ, ಹಳೆಯ ವರಮಾನದ ನಾಲ್ಕನೆಯ ಒಂದು ಪಾಲು. ಹದಿನಾಲ್ಕು ತಿಂಗಳು ಅಲೆದ ಮೇಲೆ ಪರ್ಷಿಯದ ಶಾಹನ ಬಳಿ ಅದೇ ಮಾದರಿಯ ತಟ್ಟೆ ಇದೆಯೆಂದು ತಿಳಿದು, ಶಾಹನು ಕನಿಕರಪಟ್ಟು ಅದನ್ನು ಅವನಿಗೆ ಕೊಟ್ಟನು. ಹಾಕಿನ್ಸನು ಆಸ್ಥಾನದಲ್ಲಿದ್ದಾಗ ಆ ಮನುಷ್ಯನು ತಟ್ಟೆಯೊಡನೆ ಹಿಂದಿರುಗುವ ದಾರಿಯಲ್ಲಿದ್ದನು.

ಈ ಸಾಕ್ಷ್ಯವನ್ನೂ ಬೆಳಕಿಗೆ ಹಿಡಿದು ನೋಡಬೇಕಾದುದು ನ್ಯಾಯ. ಹಾಕಿನ್ಸನು ಬಯಸಿದ್ದು ಸೂರತ್ತಿನಲ್ಲಿ ಕೋಠಿ ತೆರೆಯುವ ಪರವಾನಗಿ. ಅದು ಸಿಕ್ಕದೆ 1611ರಲ್ಲಿ ಅಸಮಾಧಾನದಿಂದ ಹೊರಟವನು. ಮುನಿದವನ ಲೇಖನಿಯಲ್ಲಿ ಏಟುಗಳ ಸಂಖ್ಯೆ ಒಂದಿಷ್ಟು ಏರಿರಬಹುದು. ಆದರೆ ಕಥೆಯ ಒಂದು ಕೊನೆ ಮಾತ್ರ ಬಲವಾಗಿ ನಿಲ್ಲುತ್ತದೆ. ಪರ್ಷಿಯದ ಶಾಹ ಅಬ್ಬಾಸನ ಬಳಿ ಚೀನೀ ಪಿಂಗಾಣಿಯ ಅಪಾರ ಸಂಗ್ರಹವಿದ್ದಿತು. 1611ರಲ್ಲಿ ಆತನು ಸಾವಿರಕ್ಕೂ ಮಿಕ್ಕಿದ ಪಾತ್ರೆಗಳನ್ನು ಅರ್ದಬಿಲ್ ಎಂಬ ಊರಿನ ತನ್ನ ಪೂರ್ವಜರ ದರ್ಗಾಕ್ಕೆ ಒಪ್ಪಿಸಿ, ಒಂದೊಂದರ ಮೇಲೂ ದಾನದ ಮುದ್ರೆಯನ್ನು ಕೊರೆಯಿಸಿದನು. ಆ ಸಂಗ್ರಹದ ಬಹುಭಾಗ ಇಂದಿಗೂ ಇರಾನಿನಲ್ಲಿದೆ.

ಈ ಕೊರೆದ ಮುದ್ರೆಗಳ ಬೆಲೆ ನಮ್ಮ ಕಾಲದಲ್ಲಿ ತಿಳಿಯಿತು. ಅದಕ್ಕೊಂದು ಉಪಕಥೆಯಿದೆ, ಬ್ಯಾಂಕಿನವನಾದ ನಾನು ಅದನ್ನು ಹೇಳದೆ ಬಿಡಲಾರೆ. 1906ರಲ್ಲಿ ಸ್ಥಾಪನೆಯಾದ ಬ್ಯಾಂಕ್ ಆಫ್ ಇಂಡಿಯಾದ ಸ್ಥಾಪಕರಲ್ಲಿ ಮುಖ್ಯರಾದ ಮುಂಬಯಿಯ ಸರ್ ಸಸೂನ್ ಡೇವಿಡರ ಮಗ ಪರ್ಸಿವಲ್ ಡೇವಿಡ್, 1892ರಲ್ಲಿ ಮುಂಬಯಿಯಲ್ಲೇ ಹುಟ್ಟಿದವರು. ಚೀನೀ ಪಿಂಗಾಣಿಯ ಸಂಗ್ರಹಕಾರರಲ್ಲಿ ಅವರ ಸಮಾನರು ವಿರಳ. ಅವರು ಕೊಂಡ ಒಂದು ಜೋಡಿ ಹೂಜಿಗಳ ಕೊರಳಿನಲ್ಲಿ, ಅವನ್ನು ದೇವಾಲಯಕ್ಕೆ ಅರ್ಪಿಸಿದ ಭಕ್ತನ ಹೆಸರೂ 1351ಕ್ಕೆ ಸರಿಯಾದ ಚೀನೀ ವರ್ಷವೂ ಬರೆದಿದೆ. 1920ರ ದಶಕದಲ್ಲಿ ಲಂಡನ್ನಿನ ವ್ಯಾಪಾರಿಗಳಿಗೆ ಇವನ್ನು ತೋರಿಸಿದಾಗ ನಕಲೆಂದು ತಳ್ಳಿಹಾಕಿದರು. ಅಷ್ಟು ಹಳೆಯ ಕಾಲದಲ್ಲಿ ಅಷ್ಟು ಚೆನ್ನಾದ ನೀಲಿ ಬಿಳುಪಿನ ಕೆಲಸ ಇರಲಾರದೆಂಬುದು ಅವರ ಎಣಿಕೆ. 1929ರಲ್ಲಿ ಹಾಬ್ಸನ್ ಎಂಬ ವಿದ್ವಾಂಸರು ಅದರ ಬಗ್ಗೆ ಬರೆದರು. 1950ರ ದಶಕದಲ್ಲಿ ಅಮೆರಿಕದ ಜಾನ್ ಪೋಪ್ ಎಂಬವರು ಇಸ್ತಾಂಬುಲಿನ ಅರಮನೆಯ ಪಾತ್ರೆಗಳನ್ನೂ ಅರ್ದಬಿಲ್ಲಿನ ಪಾತ್ರೆಗಳನ್ನೂ ಆ ಹೂಜಿಗಳಿಗೆ ಹೋಲಿಸಿ, ಹದಿನಾಲ್ಕನೆಯ ಶತಮಾನದ ಕೆಲಸ ಯಾವುದೆಂದು ಬೇರ್ಪಡಿಸಿ ತೋರಿಸಿದರು. ಅಸಲು ಎಷ್ಟೋ ವರ್ಷ ನಕಲಿಯೆಂಬ ಅಪವಾದ ಹೊತ್ತು ನಿಂತಿದ್ದಿತು! ಅವು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ.

ಹಾಗಾದರೆ ಪರೀಕ್ಷೆ ಹೇಗೆ? ತಳದ ಅಕ್ಷರಗಳನ್ನು ನಂಬಬಾರದು. ಅವು ಚಕ್ರವರ್ತಿಯ ಆಳ್ವಿಕೆಯ ಹೆಸರನ್ನು ಹೇಳುತ್ತವೆ, ನಿಜ. ಆದರೆ ಕಾಂಗ್ಷಿ ಚಕ್ರವರ್ತಿಯ ಕಾಲದಲ್ಲಿ, ಅಂದರೆ ಹದಿನೇಳನೆಯ ಶತಮಾನದ ಕೊನೆಯಲ್ಲಿ, ಚೀನೀ ಕುಂಬಾರರೇ ಇನ್ನೂರು ವರ್ಷ ಹಿಂದಿನ ಚೆಂಗ್‌ಹುವಾ ಆಳ್ವಿಕೆಯ ಹೆಸರನ್ನು ಬರೆಯುತ್ತಿದ್ದರು. ಅದು ಮೋಸಕ್ಕಿಂತ ಹೆಚ್ಚಾಗಿ ಹಿರಿಯರಿಗೆ ಸಲ್ಲಿಸುವ ಗೌರವ. ಮೊದಲು ತಳದ ಅಂಚನ್ನು ನೋಡಬೇಕು. ಆವಿಗೆಯಲ್ಲಿ ಪಾತ್ರೆ ನೆಲಕ್ಕೆ ಅಂಟದಿರಲೆಂದು ಅಲ್ಲಿ ಮೆರುಗನ್ನು ಒರೆಸಿಬಿಟ್ಟಿರುತ್ತಾರೆ. ಬರಿಯ ಮಣ್ಣು ಕಾಣುವ ಜಾಗ ಅದೊಂದೇ. ಆ ಮಣ್ಣಿನ ನಯ, ಕಬ್ಬಿಣದ ಅಂಶದಿಂದ ಬಂದ ಕೆಂಪು ಛಾಯೆ, ಶತಮಾನಗಳ ಕಾಲ ಮೇಜು ಹಲಗೆಗಳ ಮೇಲೆ ಉಜ್ಜಿದ ಸವೆತ, ಇವು ಮಾತನಾಡುತ್ತವೆ. ಸವೆತವೆಂದರೆ ಎಲ್ಲ ಕಡೆಗೂ ಒಂದೇ ಸಮ ಇರುವುದಲ್ಲ. ಉಪ್ಪುಕಾಗದದಿಂದ ಉಜ್ಜಿದರೆ ಮಾತ್ರ ಹಾಗಾಗುತ್ತದೆ. ಮಿಂಗರ ಆದಿಕಾಲದ ನೀಲಿಯಲ್ಲಿ ಬಣ್ಣ ಅಲ್ಲಲ್ಲಿ ಗಂಟುಕಟ್ಟಿ ಕಪ್ಪಾಗಿ ಮೆರುಗಿನೊಳಕ್ಕೆ ಇಳಿದಿರುತ್ತದೆ. ಅದನ್ನೂ ಮುಂದಿನವರು ಚುಕ್ಕೆಯಿಟ್ಟು ಅನುಕರಿಸಿದರು. ಈಗ ಪ್ರಯೋಗಶಾಲೆಗಳು ಬಂದಿವೆ. ಮಣ್ಣಿನ ಒಂದು ಚಿಟಿಕೆಯನ್ನು ಕಾಯಿಸಿ ಅದು ಹೊರಡಿಸುವ ಬೆಳಕನ್ನು ಅಳೆದು, ಕೊನೆಯ ಸಲ ಬೆಂಕಿ ಕಂಡದ್ದು ಎಂದೆಂದು ಅಂದಾಜು ಮಾಡುತ್ತಾರೆ. ಕಳ್ಳನೂ ಸುಮ್ಮನಿಲ್ಲ, ನಿಜವಾದ ಹಳೆಯ ತಳಕ್ಕೆ ಹೊಸ ಮೈಯನ್ನು ಜೋಡಿಸಿ ಚಿಟಿಕೆಯನ್ನು ತಳದಿಂದಲೇ ಕೊಡುತ್ತಾನೆ.

ಜಹಾಂಗೀರನು ನಕಲು ಮಾಡಿಸುವುದರಲ್ಲಿಯೂ ಮುಂದು. 1615ರಲ್ಲಿ ಸೂರತ್ತಿನ ಬಳಿಯ ಸುವಾಲಿಯಲ್ಲಿ ಬಂದಿಳಿದ ಆಂಗ್ಲ ರಾಯಭಾರಿ ಸರ್ ಥಾಮಸ್ ರೋ, ಮಾರನೆಯ ವರ್ಷ ಅಜ್ಮೀರಿನ ಆಸ್ಥಾನದಲ್ಲಿ ಒಬ್ಬ ಹೆಂಗಸಿನ ಚಿಕ್ಕ ಚಿತ್ರವನ್ನು ತೋರಿಸಿದನು. ಇಂಥದನ್ನು ಇಲ್ಲಿ ಯಾರೂ ಬರೆಯಲಾರರೆಂದು ಅವನಿಗೆ ಒಳಗೊಳಗೆ ಹೆಮ್ಮೆ. ತನ್ನ ಚಿತ್ರಕಾರನು ಬರೆದ ಪ್ರತಿಗಳೊಳಗಿಂದ ರೋ ತನ್ನ ಚಿತ್ರವನ್ನು ಗುರುತಿಸಲಾರನೆಂದು ಬಾದಶಹನು ಪಣ ಹೂಡಿದನು. ಕೆಲವು ವಾರಗಳ ಮೇಲೆ ಒಂದು ರಾತ್ರಿ ಕರೆಕಳುಹಿಸಿ ಮೇಜಿನ ಮೇಲೆ ಆರು ಚಿತ್ರಗಳನ್ನು ಇರಿಸಿದನು. ಒಂದು ಅಸಲು, ಐದು ನಕಲು. ಮೇಣದ ಬತ್ತಿಯ ಬೆಳಕಿನಲ್ಲಿ ರೋ ತಬ್ಬಿಬ್ಬಾದನು. ಬಹಳ ಹೊತ್ತು ನೋಡಿ ಕೊನೆಗೆ ತನ್ನದನ್ನು ಆರಿಸಿ, ವ್ಯತ್ಯಾಸಗಳನ್ನು ತೋರಿಸಿಕೊಟ್ಟನು. ಆದರೆ ಮೊದಲ ನೋಟಕ್ಕೆ ತಿಳಿಯಲಿಲ್ಲವೆಂಬುದನ್ನು ತನ್ನ ದಿನಚರಿಯಲ್ಲಿ ಪ್ರಾಮಾಣಿಕವಾಗಿ ಬರೆದುಕೊಂಡನು. ಬಾದಶಹನು ಹಿಗ್ಗಿದನು. ಇಷ್ಟೆಲ್ಲ ಆದರೂ ಜಹಾಂಗೀರನ ಆತ್ಮಕಥೆಯಲ್ಲಿ ರೋನ ಹೆಸರೇ ಬರುವುದಿಲ್ಲ! ಟರ್ಕಿ ಕೋಳಿಗೆ ಮಾತ್ರ ಸಾಕಷ್ಟು ಜಾಗವಿದೆ.

1617ರ ಕೊನೆಯಲ್ಲಿ ಬಾದಶಹನು ಮಾಂಡುವಿನಿಂದ ಗುಜರಾತಿಗೆ ಹೊರಟನು. ಸಮುದ್ರವನ್ನು ಕಾಣುವ ಆಸೆಯಿಂದ ಖಂಭಾತಿಗೆ ಬಂದು, ದೋಣಿಯಲ್ಲಿ ಕುಳಿತು, 1618ರ ಜನವರಿಯಲ್ಲಿ ಅಹಮದಾಬಾದನ್ನು ಪ್ರವೇಶಿಸಿದನು. ಆ ಊರು ಅವನಿಗೆ ಸ್ವಲ್ಪವೂ ಹಿಡಿಸಲಿಲ್ಲ. ಧೂಳು, ಬಿಸಿಗಾಳಿ, ಉಪ್ಪು ನೀರು. ಮನೆಮನೆಯಲ್ಲೂ ಮಳೆನೀರನ್ನು ನೆಲದಡಿಯ ತೊಟ್ಟಿಗಳಲ್ಲಿ ತುಂಬಿ ವರ್ಷವಿಡೀ ಕುಡಿಯುವರೆಂದು ಮುಖ ಸಿಂಡರಿಸಿಕೊಂಡು ಬರೆದಿದ್ದಾನೆ. ಹಳೆಯ ಪೋಳುಗಳ ಮನೆಗಳಲ್ಲಿ ಆ ಟಾಂಕಾಗಳನ್ನು ಇಂದಿಗೂ ನೋಡಬಹುದು. ನಮ್ಮ ಪಾಲಿಗೆ ಅದು ಜಾಣತನ, ಬಾದಶಹನಿಗೆ ಕಂಡದ್ದು ಬೇರೆ. ಧೂಳಿನ ಊರು, ರೋಗಿಗಳ ಊರು, ನರಕದ ಊರು ಎಂದು ಒಂದರ ಮೇಲೊಂದು ಹೆಸರಿಟ್ಟನು. ಜ್ವರವೂ ಬಂದಿತು. ಮಳೆಗಾಲ ಮುಗಿಯುವವರೆಗೆ ಅಲ್ಲೇ ಸಿಕ್ಕಿಕೊಂಡನು. ಈ ಊರುಗಳ ಮೇ ತಿಂಗಳನ್ನು ಕಂಡ ನಾವು ಅವನ ಮೇಲೆ ತೀರ ಕೋಪಿಸಿಕೊಳ್ಳಲಾರೆವು.

ಬೈದರೂ ಅವನ ಬಾಳಿನ ಒಳ್ಳೆಯ ಕೆಲಸಗಳಲ್ಲಿ ಎರಡು ಮೂರು ಆ ವರ್ಷದ ಅಹಮದಾಬಾದಿನವು. ಆತ್ಮಕಥೆಯ ಮೊದಲ ಹನ್ನೆರಡು ವರ್ಷಗಳ ಭಾಗವನ್ನು ಗ್ರಂಥವಾಗಿ ಕಟ್ಟಿಸಿ, ಮೊದಲ ಪ್ರತಿಯನ್ನು ಮಗ ಶಾಹಜಹಾನನಿಗೆ ಕೊಟ್ಟನು. ಅದರ ಮುಖಚಿತ್ರವನ್ನು ಬರೆದ ಅಬುಲ್ ಹಸನನನ್ನು ಕೊಂಡಾಡುವ ಸಂದರ್ಭದಲ್ಲಿಯೇ, ಸತ್ತವರಾಗಲಿ ಬದುಕಿರುವವರಾಗಲಿ ಯಾವ ಚಿತ್ರಕಾರನ ಕೆಲಸವನ್ನು ತೋರಿಸಿದರೂ ಹೆಸರು ಕೇಳದೆ ಇಂಥವನದೆಂದು ಹೇಳಬಲ್ಲೆನೆಂದೂ, ಒಂದೇ ಮುಖದಲ್ಲಿ ಕಣ್ಣನ್ನು ಒಬ್ಬ ಹುಬ್ಬನ್ನು ಇನ್ನೊಬ್ಬ ಬರೆದಿದ್ದರೂ ಬೇರ್ಪಡಿಸಿ ತೋರಿಸಬಲ್ಲೆನೆಂದೂ ಹೇಳಿಕೊಂಡುದು. ಇದು ಜಂಭವೆನ್ನುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ನಮ್ಮಲ್ಲಿಯೂ ಲೆಡ್ಜರಿನ ಒಂದು ಅಂಕಿಯನ್ನು ನೋಡಿ, ಇಪ್ಪತ್ತು ವರ್ಷದ ಹಿಂದೆ ವರ್ಗವಾಗಿ ಹೋದ ಇಂಥ ಗುಮಾಸ್ತನ ಏಳು ಇದು ಎಂದು ಹೇಳುವ ಹಳಬರನ್ನು ನಾನು ಕಂಡಿದ್ದೇನೆ. ನೋಡುತ್ತ ನೋಡುತ್ತ ಕಣ್ಣಿಗೆ ಅಂಥ ಶಕ್ತಿ ಬರುತ್ತದೆ.

ನಾಣ್ಯದ ಮೇಲೆ ತಿಂಗಳ ಹೆಸರಿಗೆ ಬದಲಾಗಿ ಆ ತಿಂಗಳ ರಾಶಿಯ ಚಿತ್ರವನ್ನು ಅಚ್ಚೊತ್ತಿಸುವ ಯೋಚನೆ ಅವನಿಗೆ ಹೊಳೆದುದೂ 1618ರಲ್ಲಿಯೇ. ಮೇಷಕ್ಕೆ ಟಗರು, ವೃಷಭಕ್ಕೆ ಗೂಳಿ. ಬೆಳ್ಳಿಯ ರಾಶಿ ರೂಪಾಯಿಗಳು ಅಹಮದಾಬಾದಿನ ಟಂಕಸಾಲೆಯಲ್ಲಿ ಹುಟ್ಟಿದವು, ಚಿನ್ನದ ಮೊಹರುಗಳು ಆಗ್ರಾದಲ್ಲಿ. ಮುಂದೆ ಶಾಹಜಹಾನನು ಇವನ್ನು ಹಿಂದಕ್ಕೆ ಪಡೆದು ಕರಗಿಸಲು ಆಜ್ಞೆ ಮಾಡಿದನೆಂದು ಹೇಳುವರು. ಅಸಲು ವಿರಳವಾದಲ್ಲಿ ನಕಲು ಬೆಳೆಯುವುದು ಲೋಕರೂಢಿ. ಇಂದು ಜಗತ್ತಿನಲ್ಲಿ ಅತಿ ಹೆಚ್ಚಾಗಿ ನಕಲಾದ ಭಾರತೀಯ ನಾಣ್ಯಗಳ ಪೈಕಿ ಇವೂ ಸೇರಿವೆ. ಎರಕ ಹೊಯ್ದ ನಕಲಿನಲ್ಲಿ ಗೆರೆಗಳ ಅಂಚು ಮೊಂಡಾಗಿರುತ್ತದೆ, ಮೈಮೇಲೆ ಸೂಜಿಮೊನೆಯಂಥ ಗುಳಿಗಳಿರುತ್ತವೆ.

ವಸ್ತುಗಳನ್ನು ಹೀಗೆ ಜಾಲಾಡಿ ನೋಡಿದವನು ಮನುಷ್ಯರ ವಿಷಯದಲ್ಲಿ ಎಡವಿದನು. 1611ರಲ್ಲಿ ವರಿಸಿದ ನೂರ್ ಜಹಾನಳಿಗೆ ಆಡಳಿತದ ಬಹುಭಾಗವನ್ನು ಬಿಟ್ಟುಕೊಟ್ಟನು. ಆಕೆ ಸಮರ್ಥೆ, ಸೂರತ್ತಿನ ಟಂಕಸಾಲೆಯೂ ಆಕೆಯ ಹೆಸರಿನ ನಾಣ್ಯ ಹೊರಡಿಸಿತು. ಆದರೆ ಆತ್ಮಕಥೆಯ ಮೊದಲ ಪ್ರತಿಯನ್ನು ಪಡೆದ ಅದೇ ಶಾಹಜಹಾನನು 1622ರಲ್ಲಿ ತಂದೆಯ ವಿರುದ್ಧ ತಿರುಗಿ ಬಿದ್ದನು. 1626ರಲ್ಲಿ ಝೇಲಂ ನದಿಯ ದಂಡೆಯಲ್ಲಿ ಮಹಾಬತ್ ಖಾನನೆಂಬ ಸ್ವಂತ ಸೇನಾಪತಿಯೇ ಬಾದಶಹನನ್ನು ಸೆರೆಹಿಡಿದನು. ಬಿಡುಗಡೆಯಾದ ಮೇಲೆ ಆರೋಗ್ಯ ಕುಸಿದು, ಕಾಶ್ಮೀರದಿಂದ ಲಾಹೋರಿಗೆ ಬರುವ ದಾರಿಯಲ್ಲಿ 1627ರ ಅಕ್ಟೋಬರ್ ಕೊನೆಯಲ್ಲಿ ತೀರಿಕೊಂಡನು. ಸಮಾಧಿ ಲಾಹೋರಿನ ಶಾಹದರಾದಲ್ಲಿದೆ.

ಅವನ ವಸ್ತುಗಳು ದೇಶಾಂತರ ಹೋದವು. ತೈಮೂರನ ಮೊಮ್ಮಗ ಉಲುಘ್ ಬೇಗನ ಬಿಳಿ ಹಸಿರುಗಲ್ಲಿನ ಹೂಜಿಯೊಂದು ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿದೆ. ಅದರ ಮೇಲೆ ಉಲುಘ್ ಬೇಗ, ಜಹಾಂಗೀರ, ಶಾಹಜಹಾನ ಮೂವರ ಹೆಸರುಗಳಿವೆ. ತೈಮೂರನ ಮಾಣಿಕ್ಯವೆಂದು ಹೆಸರಾಗಿ ಇಂಗ್ಲೆಂಡಿನ ಅರಸುಮನೆ ಸೇರಿದ ಕೆಂಪು ಕಲ್ಲೊಂದಿದೆ. ಅದರ ಮೇಲಿನ ಹೆಸರುಗಳಲ್ಲಿ ಎಲ್ಲಕ್ಕಿಂತ ಹಳೆಯದು ಜಹಾಂಗೀರನದು, 1612ರದು. ಅದು ಮಾಣಿಕ್ಯವಲ್ಲ, ಸ್ಪೈನಲ್ ಎಂಬ ಬೇರೆ ಜಾತಿಯ ಕಲ್ಲು. ತೈಮೂರನಿಗೂ ಅದಕ್ಕೂ ಸಂಬಂಧವಿಲ್ಲವೆಂದು ಸಂಶೋಧಕರು ತೋರಿಸಿದ್ದಾರೆ. ತೈಮೂರನ ಸುಳ್ಳು ಚಿತ್ರವನ್ನು ತಳ್ಳಿದವನ ಕಲ್ಲಿಗೇ ತೈಮೂರನ ಸುಳ್ಳು ಹೆಸರು ಅಂಟಿಕೊಂಡಿತು! ಇನ್ನು ಪರ್ಷಿಯದ ರಾಜಕುಮಾರಿ ಮಾಹಿನ್ ಬಾನು ಮಶ್ಹದಿನ ದರ್ಗಾಕ್ಕೆ ಒಪ್ಪಿಸಿದ್ದ, ದ್ರಾಕ್ಷಿಗೊಂಚಲು ಬರೆದ ಮಿಂಗ್ ಕಾಲದ ತಟ್ಟೆಯೊಂದು ಹೇಗೋ ಮೊಗಲರ ಮನೆ ಸೇರಿ, ಅದರ ತಳದಲ್ಲಿ ಶಾಹಜಹಾನನ ಹೆಸರೂ 1643–44ಕ್ಕೆ ಸರಿಯಾದ ಹಿಜರಿ ವರ್ಷವೂ ಕೊರೆದಿವೆ.

ಕಳೆದ ಚಳಿಗಾಲದಲ್ಲಿ ಮಕ್ಕಳನ್ನು ಕರೆದುಕೊಂಡು ವಡೋದರೆಯ ಸಯಾಜಿ ಬಾಗಿನ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. ಮಹಾರಾಜ ಸಯಾಜಿರಾವ್ ಗಾಯಕವಾಡರು ಕಟ್ಟಿಸಿದ ಆ ಕಟ್ಟಡದಲ್ಲಿ ಚೀನಾ ಜಪಾನುಗಳ ವಸ್ತುಗಳಿಗೆ ಪ್ರತ್ಯೇಕ ಭಾಗವಿದೆ. ಮಕ್ಕಳು ಈಜಿಪ್ಟಿನ ಹೆಣವನ್ನು ನೋಡಲು ಓಡಿದರು. ನಾನು ಪಿಂಗಾಣಿಯ ಕಪಾಟಿನ ಮುಂದೆ ಬಹಳ ಹೊತ್ತು ನಿಂತಿದ್ದೆ. ಗಾಜಿನ ಹಿಂದೆ ಹೂಜಿಗಳು ಸಾಲಾಗಿ ನಿಂತಿದ್ದವು. ಮೈಯೆಲ್ಲ ಚೆನ್ನಾಗಿ ಕಾಣುತ್ತಿದ್ದಿತು, ತಳ ಮಾತ್ರ ಕಾಣುತ್ತಿರಲಿಲ್ಲ.